ಹುಡುಕಿದರೆ ಒಂದು ಸಾಲೂ ಬರುತ್ತಿಲ್ಲ: ಡೇಟಾಬೇಸ್ ಕನೆಕ್ಷನ್ ಕೆಟ್ಟಿದೆಯೇ?

ಯಾದಗಿರಿ ಜಿಲ್ಲೆಯ ಜನಗಣತಿ ಅಂಕಿಅಂಶಗಳು ಒಂದು ಡೇಟಾಬೇಸಿನಲ್ಲಿವೆ ಎಂದುಕೊಳ್ಳೋಣ. ಪ್ರೋಗ್ರಾಮಿನಿಂದ ‘ಸುರಪುರ’ ಎಂದು ಹುಡುಕಿದರೆ ಒಂದು ಸಾಲೂ ಬರುವುದಿಲ್ಲ. ಆಗ ‘ಕನೆಕ್ಷನ್ ಹೋಗಿದೆ’ ಎಂದೇ ಹಲವರು ಭಾವಿಸುತ್ತಾರೆ. ಇದು ನಿಜವೇ?

ಕನೆಕ್ಷನ್ ಕೆಟ್ಟಿದ್ದರೆ ಸಾಮಾನ್ಯವಾಗಿ ಎರರ್ ಸಂದೇಶ ಬರುತ್ತದೆ.

‘ಕನೆಕ್ಷನ್ ರೆಫ್ಯೂಸ್ಡ್’: ನಾವು ಕೊಟ್ಟ ಪೋರ್ಟಿನಲ್ಲಿ ಡೇಟಾಬೇಸ್ ಓಡುತ್ತಿಲ್ಲ. ಮೈಎಸ್‌ಕ್ಯೂಎಲ್‌ನ ಪೋರ್ಟ್ ಸಾಮಾನ್ಯವಾಗಿ 3306, ಪೋಸ್ಟ್‌ಗ್ರೆಸ್‌ನದು 5432.

‘ಟೈಮ್‌ಔಟ್’: ಆ ಕಡೆಯಿಂದ ಉತ್ತರವೇ ಇಲ್ಲ. ವಿಳಾಸ, ನೆಟ್‌ವರ್ಕ್, ಫೈರ್‌ವಾಲ್ ನೋಡಬೇಕು.

‘ಆಕ್ಸೆಸ್ ಡಿನೈಡ್’: ಸರ್ವರ್ ಸಿಕ್ಕಿದೆ, ಆದರೆ ಹೆಸರು, ಪಾಸ್‌ವರ್ಡ್ ಅಥವಾ ಅನುಮತಿ ಸರಿಯಿಲ್ಲ.

ಕೆಲವು ಕೋಡ್‌ಗಳು ಎರರನ್ನು ಮುಚ್ಚಿಟ್ಟು ಖಾಲಿ ಪಟ್ಟಿ ಕೊಡುತ್ತವೆ. ಆದ್ದರಿಂದ ಮೊದಲು ‘ಸೆಲೆಕ್ಟ್ 1’ ಎಂಬ ಕ್ವೆರಿ ಕಳಿಸಿ ನೋಡೋಣ. ಉತ್ತರವಾಗಿ 1 ಬಂದರೆ ಕನೆಕ್ಷನ್ ಸರಿಯಿದೆ, ತೊಂದರೆ ಬೇರೆಡೆ ಇದೆ.

ಇನ್ನು ಕ್ವೆರಿಯಲ್ಲಿರುವ ‘ವೇರ್’ ಷರತ್ತನ್ನು ತೆಗೆದು, ಟೇಬಲ್‌ನಲ್ಲಿ ಯಾವ ಯಾವ ಹೆಸರುಗಳಿವೆ ಎಂದು ನೋಡೋಣ. 2011ರ ಜನಗಣತಿಯಲ್ಲಿ ಈ ತಾಲ್ಲೂಕಿನ ಹೆಸರು ‘ಶೋರಾಪುರ’! ನಮಗೆ ಎರಡೂ ಒಂದೇ ಊರು, ಕಂಪ್ಯೂಟರಿಗೆ ಬೇರೆ ಬೇರೆ.

2001ರ ಅಂಕಿಅಂಶಗಳಲ್ಲಿ ‘ಯಾದಗಿರಿ ಜಿಲ್ಲೆ’ ಎಂದು ಹುಡುಕಿದರೂ ಇದೇ ಗತಿ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೂ ಮೊದಲು ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. 2014ರಲ್ಲಿ ಆ ಗುಲ್ಬರ್ಗಾ ಹೆಸರೂ ಕಲಬುರಗಿ ಆಯಿತು. ಮುಂದೆ ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ ಬೇರೆ ತಾಲ್ಲೂಕುಗಳಾದವು.

ಕಣ್ಣಿಗೆ ಕಾಣದ ವ್ಯತ್ಯಾಸವೂ ಇರಬಹುದು. ‘ಶೋ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಹೋಲಿಸಿದಾಗ ಹೊಂದದೇ ಹೋಗಬಹುದು. ಹೆಸರುಗಳನ್ನು ಸೇರಿಸುವಾಗಲೂ ಹುಡುಕುವಾಗಲೂ ಒಂದೇ ರೂಪಕ್ಕೆ ತಂದರೆ (ಇದನ್ನು ನಾರ್ಮಲೈಸೇಷನ್ ಎನ್ನುತ್ತಾರೆ) ಈ ತೊಡಕು ತಪ್ಪುತ್ತದೆ. ಕನ್ನಡದ ಬದಲು ‘????’ ಕಂಡರೆ ಮಾತ್ರ ಕನೆಕ್ಷನ್ನಿನ ಅಕ್ಷರ ಸೆಟ್ಟಿಂಗ್ ನೋಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಅದು ಯುಟಿಎಫ್8ಎಂಬಿ4 ಆಗಿರಲಿ.

ಶಾಶ್ವತ ಪರಿಹಾರವೆಂದರೆ ಪ್ರತಿ ಊರಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟು, ಹಳೆಯ ಹೊಸ ಹೆಸರುಗಳನ್ನೆಲ್ಲ ಅದಕ್ಕೆ ಜೋಡಿಸಿದ ಪ್ರತ್ಯೇಕ ಟೇಬಲ್ ಇಟ್ಟುಕೊಳ್ಳುವುದು.

ಇಷ್ಟು ಎಚ್ಚರ ಏಕೆ ಬೇಕು? ಎರರ್ ಬಂದರೆ ಯಾರಾದರೂ ಗಮನಿಸುತ್ತಾರೆ. ಖಾಲಿ ಉತ್ತರ ಮಾತ್ರ ಸದ್ದಿಲ್ಲದೆ ವರದಿಯಲ್ಲಿ ‘0’ ಆಗಿ ಕೂರುತ್ತದೆ. ಒಂದು ಹೆಸರು ಹೊಂದದಿದ್ದ ಕಾರಣಕ್ಕೆ ಇಡೀ ತಾಲ್ಲೂಕು ಲೆಕ್ಕದಿಂದ ಬಿಟ್ಟುಹೋಗಬಾರದು.