ಆಕಾಶದಿಂದ ಗಾಳಿಯ ಉಷ್ಣತೆ ಅಳೆಯುವುದು ಹೇಗೆ?



ಉಪಗ್ರಹವು ಗಾಳಿಗೆ ಥರ್ಮಾಮೀಟರ್ ಇಡುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವು ತನ್ನ ಬಿಸಿಗೆ ತಕ್ಕಂತೆ ಸೂಕ್ಷ್ಮ ತರಂಗಗಳನ್ನು ಹೊರಸೂಸುತ್ತದೆ. 1978ರ ಕೊನೆಯಿಂದ ಅಮೆರಿಕದ ಹವಾಮಾನ ಉಪಗ್ರಹಗಳು ಇವನ್ನೇ ಅಳೆಯುತ್ತಾ ಬಂದಿವೆ. ನಮ್ಮ ಮೈಲೂರಿನ ಮೇಲಿನ ಗಾಳಿಯೂ ಈ ಲೆಕ್ಕದಲ್ಲಿದೆ.

ಸಂಜೆಯ ಹಾಲಿನಲ್ಲಿ ಸಾಮಾನ್ಯವಾಗಿ ಬೆಳಗಿನದಕ್ಕಿಂತ ಫ್ಯಾಟ್ ಹೆಚ್ಚು. ಮೊದಲು ಬೆಳಗಿನ ಹಾಲು, ಕೆಲವು ವರ್ಷಗಳ ನಂತರ ಸಂಜೆಯ ಹಾಲು ಪರೀಕ್ಷಿಸಿ, ಎಮ್ಮೆ ಸುಧಾರಿಸಿತೆಂದರೆ ಒಪ್ಪುವಿರಾ? ಉಪಗ್ರಹದ್ದೂ ಇದೇ ತೊಡಕು. ವರ್ಷ ಕಳೆದಂತೆ ಅದು ಊರಿನ ಮೇಲೆ ಹಾಯುವ ಹೊತ್ತು ಸರಿಯುತ್ತದೆ, ಎತ್ತರವೂ ಇಳಿಯುತ್ತದೆ. ಇದನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯದ ಕಾರಣ 1990ರ ದಶಕದಲ್ಲಿ ಗಾಳಿ ಬಿಸಿಯಾಗುತ್ತಿಲ್ಲವೆಂದೇ ಕೆಲವರು ವಾದಿಸಿದ್ದರು. 1998 ಮತ್ತು 2005ರಲ್ಲಿ ಈ ತಪ್ಪುಗಳು ಬಯಲಾಗಿ, ತಿದ್ದಿದ ಮೇಲೆ ಏರಿಕೆ ಕಂಡಿತು.

ಇದು ಹಲವು ಕಿಲೋಮೀಟರ್ ದಪ್ಪದ ಗಾಳಿಯ ಸರಾಸರಿ, ಕೊಟ್ಟಿಗೆಯ ಬಿಸಿಯಲ್ಲ. ಎಮ್ಮೆಗೆ ಬೆವರು ಗ್ರಂಥಿ ಕಡಿಮೆ, ಚರ್ಮ ಕಪ್ಪು. ಬೇಸಿಗೆಯ ಮಧ್ಯಾಹ್ನ ನೆರಳು, ತಣ್ಣೀರು ತಪ್ಪಿದರೆ ಹಾಲು ಇಳಿಯುತ್ತದೆ.