ಒಟಿಪಿ ಅಪ್ಪನ ಮೊಬೈಲಿಗೆ ಬಂದರೆ?

ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಮೇಲೆ ಊರಿನ ದುಡಿಮೆ ರೈಲು ಹತ್ತಿತು: ಮಾರಿಕುಪ್ಪಂನಿಂದ ಹೊರಟು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ. ಎಷ್ಟೋ ಮನೆಗಳಲ್ಲಿ ಬೆಳಕು ಹರಿಯುವ ಮುನ್ನ ಹೊರಟ ಹೆತ್ತವರು ವಾಪಸಾಗುವುದು ರಾತ್ರಿ. ಕಾಲೇಜು ಮಕ್ಕಳ ಓಡಾಟದ ಕೆಲಸ ಯಾರು ನೋಡಬೇಕು?

ವಿದ್ಯಾರ್ಥಿವೇತನವನ್ನೇ ತಗೊಳ್ಳಿ. ಅರ್ಜಿ ಹಾಕುವುದು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಅದಕ್ಕೆ ನಾಡಕಚೇರಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ತಲೆನೋವು ಶುರು. ಹುಡುಗಿ ಸೈಬರ್ ಸೆಂಟರ್‌ನಲ್ಲಿ ಕೂತಿರುತ್ತಾಳೆ, ಒಟಿಪಿ ಮಾತ್ರ ಅಪ್ಪನ ಮೊಬೈಲಿಗೆ. ಅವರೋ ಆಗ ವೈಟ್‌ಫೀಲ್ಡ್‌ನಲ್ಲಿ ಡ್ಯೂಟಿಯಲ್ಲಿ!

ರಜೆ ಹಾಕಿ ಓಡಿಬರುವುದಕ್ಕಿಂತ ಆಧಾರ್‌ಗೆ ಮಗಳದೇ ನಂಬರ್ ಸೇರಿಸುವುದು ಮೇಲು. ಮೊದಲ ಸಲ ಜೊತೆಗೆ ಹೋಗಲಿ, ಕೌಂಟರ್ ಮುಂದೆ ಮಾತು ಅವಳೇ ಆಡಲಿ. 18 ತುಂಬಿದವರು ಕಾನೂನಿನ ಪ್ರಕಾರ ವಯಸ್ಕರು. ಹತ್ತು ದಾಟಿದ ಮಕ್ಕಳೂ ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ.

ಬಸ್ ಪಾಸ್, ರೈಲಿನ ಸೀಸನ್ ಟಿಕೆಟ್, ಪರೀಕ್ಷೆ ಅರ್ಜಿ ಮಕ್ಕಳ ಪಾಲಿಗಿರಲಿ. ಫೀಸಿನ ಹಣ, ಕಾಯಿಲೆ ಕಸಾಲೆ ದೊಡ್ಡವರ ಹೊಣೆ.

ಆದರೆ ಮಗ ರ್‍ಯಾಗಿಂಗ್ ಅಂತ ಬಾಯಿಬಿಟ್ಟರೆ ‘ನೀನೇ ನೋಡ್ಕೋ’ ಅನ್ನಲೇಬಾರದು. ಯುಜಿಸಿಯ ರ್‍ಯಾಗಿಂಗ್ ತಡೆ ಸಹಾಯವಾಣಿ 1800-180-5522. ಹಗಲು ರಾತ್ರಿ ತೆರೆದಿರುತ್ತದೆ, ಹೆತ್ತವರೂ ಕರೆ ಮಾಡಬಹುದು.