ಗೆಲುವಿನ ಮಾರನೆಯ ವಾರ

ಪರದೆಯ ಮೇಲೆ ಕುಸ್ತಿ ನಡೆಯುತ್ತಿಲ್ಲ. ಸೂಟು ತೊಟ್ಟ ಮಾಲೀಕನೊಬ್ಬ ಪೈಲ್ವಾನನ ಎದುರು ಕರಾರು ಇಟ್ಟಿದ್ದಾನೆ. ಎಷ್ಟು ವಾರದ ಕೆಲಸ, ವಾರಕ್ಕೆ ಎಷ್ಟು ದುಡ್ಡು, ಗಾಯವಾದರೆ ಖರ್ಚು ಯಾರದು ಎಂಬ ಚೌಕಾಸಿ ನಡೆದಿದೆ. ಫೋನ್ ಹಿಡಿದ ಹುಡುಗ ಯೋಚನೆಯಲ್ಲಿ ಬಿದ್ದಿದ್ದರೆ, ಅಕ್ಕಪಕ್ಕದ ಇಬ್ಬರು ಸಲಹೆಗಾರರಾಗಿದ್ದಾರೆ. ‘ಈಗ್ಲೇ ಒಪ್ಕೋಬೇಡ, ಇನ್ನೊಂದು ಟೈಟಲ್ ಹೊಡ್ಕೊಂಡು ಬಾ, ಆಮೇಲೆ ಅವನೇ ಜಾಸ್ತಿ ಕೊಡ್ತಾನೆ’ ಅಂತ ಒಬ್ಬ. ‘ಸ್ಟ್ಯಾಮಿನಾ ನೋಡಿದ್ಯಾ? ಇನ್ನೊಂದು ವರ್ಷ ಹೋದ್ರೆ ಕೇಳೋರಿಲ್ಲ’ ಅಂತ ಇನ್ನೊಬ್ಬ. ಹೊಳೆನರಸೀಪುರ ಬಿಟ್ಟು ಹಾಸನದ ಕಡೆ ಹೊರಟ ಬೆಳಗಿನ ರೈಲಿನಲ್ಲಿ ಕಾಲೇಜು ಹುಡುಗರ ಈ ಪಂಚಾಯಿತಿ ಕೇಳುತ್ತ ಕೂತರೆ, ಅವರಿಗೆ ಹೊಡೆದಾಟಕ್ಕಿಂತ ಪೈಲ್ವಾನನ ಬಾಳುವೆಯ ಚಿಂತೆಯೇ ದೊಡ್ಡದು ಅನ್ನಿಸುತ್ತದೆ.

ಅವರು ಆಡುತ್ತಿದ್ದದ್ದು ‘ರೆಸ್ಲಿಂಗ್ ಎಂಪೈರ್’. 2021ರ ಜನವರಿಯಲ್ಲಿ ಮೊದಲು ನಿಂಟೆಂಡೊ ಸ್ವಿಚ್‌ಗೆ, ಆಮೇಲೆ ಕಂಪ್ಯೂಟರಿಗೆ, ಫೋನಿಗೆ ಬಂದ ಆಟ. ಇಂಗ್ಲೆಂಡಿನ ಮ್ಯಾಟ್ ಡಿಕ್ಕಿ ಇದನ್ನು ಹೆಚ್ಚುಕಡಿಮೆ ಒಬ್ಬರೇ ಕೂತು ಕಟ್ಟಿದ್ದಾರೆ. ಗ್ರಾಫಿಕ್ಸ್ ಒರಟು, ಕೈಕಾಲು ಮರದ ಗೊಂಬೆಯಂತೆ. ಆದರೆ ಸಣ್ಣ ಕಂಪನಿಯಲ್ಲಿ ಸೇರಿ, ಸೋತು, ಮೇಲೆ ಬಂದು, ಮೂಳೆ ಮುರಿದುಕೊಂಡು, ಮುಪ್ಪಾಗಿ ಕಣದಿಂದ ಇಳಿಯುವವರೆಗಿನ ಒಂದಿಡೀ ಬದುಕು ಅದರಲ್ಲಿದೆ. ಇದರ ಮುಂದಿನ ಭಾಗ ಹೇಗಿರಬೇಕು ಎಂಬ ಚರ್ಚೆಯನ್ನು ಈಗ ಹಾಸನದ ಟೀ ಅಂಗಡಿಯಲ್ಲೂ ಕೇಳಬಹುದು, ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲೂ ಕೇಳಬಹುದು. ರೈಲೇ ಇಲ್ಲದ ಅರಕಲಗೂಡಿನಿಂದ ಬರುವವರಿಗೆ ಬಸ್ಸಿನ ಹಿಂದಿನ ಸೀಟು ಇದೆ.

ಮುಂದಿನ ಭಾಗಕ್ಕಾಗಿ ಹುಡುಗರ ಈ ಕಾಯುವಿಕೆ ಹುಟ್ಟಿದ್ದು ಫೋನಿಗಿಂತ ಬಹಳ ಮುಂಚೆ.

ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ಊರೂರಿಗೆ ಬಂದಾಗ ಅದರ ಹಿಂದೆಯೇ ಪೆಟ್ಟಿ ಅಂಗಡಿಗಳಿಗೆ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಹೆಸರಿನ ಟ್ರಂಪ್ ಕಾರ್ಡುಗಳು ಬಂದವು. ಒಂದೊಂದು ಕಾರ್ಡಿನಲ್ಲಿ ಒಬ್ಬೊಬ್ಬ ಜಟ್ಟಿ. ಕೆಳಗೆ ರ‍್ಯಾಂಕ್, ಹೈಟು, ವೇಟು, ಚೆಸ್ಟು, ಬೈಸೆಪ್ಸು, ಆಡಿದ ಫೈಟು, ಗೆದ್ದ ಫೈಟು. ಹೈಟಿಗೆ ಜೈಂಟ್ ಗೊಂಜಾಲೆಜ್, ವೇಟಿಗೆ ಯೊಕೊಜುನ. ಇಂಗ್ಲಿಷ್ ಓದಲು ತಡವರಿಸುವ ಹುಡುಗನಿಗೂ ಈ ಅಂಕಿಗಳು ಬಾಯಿಪಾಠ. ಕುಸ್ತಿಯವನ ದೇಹವನ್ನು ಅಂಕಿಗಳಲ್ಲಿ ಹಿಡಿಯಬಹುದು, ಅಂಕಿಗೆ ಅಂಕಿ ಹೂಡಿದರೆ ಕಾಳಗವೇ ನಡೆದುಹೋಗುತ್ತದೆ ಎಂಬುದು ಮೊದಲು ತಲೆಗೆ ಹತ್ತಿದ್ದು ಅಲ್ಲೇ. ಫೋನಿನ ಆಟದಲ್ಲಿ ಇವತ್ತು ಕಾಣುವ ಜನಪ್ರಿಯತೆ, ಬಲ, ಕೌಶಲ, ಚುರುಕು, ದಮ್ಮು, ವರ್ತನೆ ಎಂಬ ಆರು ಶೇಕಡಾವಾರುಗಳು ಆ ಕಾರ್ಡಿನ ವಂಶದವೇ. ವ್ಯತ್ಯಾಸ ಒಂದೇ: ಕಾರ್ಡಿನ ಅಂಕಿ ಎಂದೂ ಬದಲಾಗದು. ಆಟದ ಅಂಕಿ ವಾರವಾರವೂ ಏರುತ್ತದೆ, ಇಳಿಯುತ್ತದೆ.

ಕಾರ್ಡಿನ ಜೊತೆಗೇ ಕತೆಗಳೂ ಬಂದವು. 1990ರಲ್ಲಿ ಕಣಕ್ಕಿಳಿದ ಅಂಡರ್‌ಟೇಕರ್‌ಗೆ ಏಳು ಜನ್ಮ, ಅವನು ಸತ್ತು ಮತ್ತೆ ಎದ್ದುಬರುತ್ತಾನೆ ಎಂದು ಶಾಲೆಯಲ್ಲಿ ಆಣೆ ಮಾಡಿ ಹೇಳುವವರಿದ್ದರು. 1996ರ ‘ಖಿಲಾಡಿಯೋಂ ಕಾ ಖಿಲಾಡಿ’ ಹಿಂದಿ ಚಿತ್ರದಲ್ಲಿ ಅಕ್ಷಯ್ ಕುಮಾರ್ ಅವನನ್ನೇ ಎತ್ತಿ ಒಗೆದರು ಎಂಬ ಸುದ್ದಿಯಂತೂ ವರ್ಷಗಟ್ಟಲೆ ಓಡಾಡಿತು. ಆ ಚಿತ್ರದಲ್ಲಿದ್ದದ್ದು ಅಂಡರ್‌ಟೇಕರ್ ವೇಷದ ಬ್ರಯಾನ್ ಲೀ ಎಂಬ ಇನ್ನೊಬ್ಬ ಕುಸ್ತಿಪಟು. ನಿಜ ತಿಳಿದ ಮೇಲೂ ಯಾರ ಪ್ರೀತಿಯೂ ಕಡಿಮೆಯಾಗಲಿಲ್ಲ. ಫಲಿತಾಂಶ ಮೊದಲೇ ಗೊತ್ತುಮಾಡಿಟ್ಟ ಕುಸ್ತಿ ಅದು ಎಂಬುದು ಗೊತ್ತಿದ್ದೂ ಜನ ನೋಡುತ್ತಾರೆ, ಏಕೆಂದರೆ ಅವರು ನೋಡುತ್ತಿರುವುದು ಒಬ್ಬ ಮನುಷ್ಯ ಇಪ್ಪತ್ತು ಮೂವತ್ತು ವರ್ಷ ಕಣದಲ್ಲಿ ಹೇಗೆ ಬೆಳೆದ, ಹೇಗೆ ಮಾಗಿದ ಎಂಬುದನ್ನು.

ಆ ಕುಸ್ತಿಯ ವಿಡಿಯೊ ಗೇಮುಗಳಾಗಿ 2000ದಲ್ಲಿ ಪ್ಲೇಸ್ಟೇಷನ್‌ಗೆ ‘ಸ್ಮ್ಯಾಕ್‌ಡೌನ್’, ಅದೇ ವರ್ಷದ ಕೊನೆಗೆ ‘ಸ್ಮ್ಯಾಕ್‌ಡೌನ್ 2’ ಬಂದವು. ಎರಡನ್ನೂ ಮಾಡಿದ್ದು ಜಪಾನಿನ ಯೂಕ್ಸ್ ಕಂಪನಿ. ನಮ್ಮ ಕಡೆಯ ಹುಡುಗರು ಇವನ್ನು ಆಡಿದ್ದು ಮನೆಯಲ್ಲಲ್ಲ, ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಗೇಮ್ ಪಾರ್ಲರಿನಲ್ಲಿ. ಶೆಟರ್ ಅರ್ಧ ಎಳೆದ ಕೋಣೆ, ನಾಲ್ಕು ಟಿವಿ, ಗುಂಡಿಗಳ ಮೇಲಿನ ಗುರುತು ಸವೆದುಹೋದ ಕಂಟ್ರೋಲರ್. ಆ ಆಟದಲ್ಲಿ ಸೀಸನ್ ಎಂಬ ದೊಡ್ಡ ವಿಭಾಗವೇ ಇತ್ತು. ತಿಂಗಳು ತಿಂಗಳು ಪಂದ್ಯ, ದ್ವೇಷ, ದೋಸ್ತಿ, ಪಟ್ಟ. ಆದರೆ ಗಂಟೆಯ ಲೆಕ್ಕದಲ್ಲಿ ಆಡುವವನಿಗೆ ಸೀಸನ್ ದಕ್ಕುವುದು ಕಷ್ಟ. ಮೆಮರಿ ಕಾರ್ಡಿನಲ್ಲಿದ್ದದ್ದು ಹದಿನೈದೇ ಬ್ಲಾಕ್. ಭಾನುವಾರ ಸೇವ್ ಮಾಡಿ ಹೋದದ್ದರ ಮೇಲೆ ಸೋಮವಾರ ಇನ್ಯಾರೋ ತಮ್ಮದನ್ನು ಸೇವ್ ಮಾಡಿರುತ್ತಿದ್ದರು. ಹಾಗಾಗಿ ಒಂದು ಇಡೀ ಪೀಳಿಗೆ ಬರೀ ಪಂದ್ಯಗಳನ್ನು ಆಡಿತು, ಯಾರಿಗೂ ಪೈಲ್ವಾನನ ಬಾಳು ಪೂರ್ತಿ ಸಿಗಲಿಲ್ಲ. ಮುಂದಿನ ಆಟಕ್ಕಾಗಿ ಇಂದು ಕಾಯುತ್ತಿರುವವರಲ್ಲಿ ಮೂವತ್ತೈದು ನಲವತ್ತು ದಾಟಿದವರೂ ಇರುವುದಕ್ಕೆ ನನಗೆ ಕಾಣುವ ಕಾರಣ ಇದೇ.

ಬಾಳಿನ ಆಟ ಎಂಬ ಕಲ್ಪನೆ ಹೊರಗಡೆ ಆ ವೇಳೆಗಾಗಲೇ ಬೆಳೆದಿತ್ತು. 1994ರ ಕೊನೆಯಲ್ಲಿ ಜಪಾನಿನಲ್ಲಿ ಬಂದ ‘ಸೂಪರ್ ಫೈರ್ ಪ್ರೊ ರೆಸ್ಲಿಂಗ್ ಸ್ಪೆಷಲ್’ ಆಟಕ್ಕೆ ಗೊಇಚಿ ಸುಡಾ ಎಂಬ ಯುವಕ ಕತೆ ಬರೆದ. ಅದರ ನಾಯಕ ಹೊಸಬನಾಗಿ ಬಂದು, ಹತ್ತಿರದವರನ್ನೆಲ್ಲ ಕಳೆದುಕೊಳ್ಳುತ್ತ, ಕೊನೆಗೆ ಜಗಜ್ಜಟ್ಟಿಯಾಗುತ್ತಾನೆ. ಗೆದ್ದ ಕೆಲವೇ ದಿನಕ್ಕೆ ಒಂಟಿಯಾಗಿ ಜೀವ ಕಳೆದುಕೊಳ್ಳುತ್ತಾನೆ. ಆಡಿದವರು ದಂಗಾದರು. ಇತ್ತ ಇಂಗ್ಲೆಂಡಿನ ಆ್ಯಡಂ ರೈಲಂಡ್ 1995ರಲ್ಲಿ ‘ಎಕ್ಸ್‌ಟ್ರೀಮ್ ವಾರ್‌ಫೇರ್’ ಶುರುಮಾಡಿದ. ಅದೂ, 2004ರಿಂದ ಬಂದ ಅದರ ವಾರಸುದಾರ ‘ಟೋಟಲ್ ಎಕ್ಸ್‌ಟ್ರೀಮ್ ರೆಸ್ಲಿಂಗ್’ ಕೂಡ ಬರೀ ಅಕ್ಷರ, ಅಂಕಿ, ಪಟ್ಟಿಗಳ ಆಟ. ಹೊಡೆತದ ಚಿತ್ರವೇ ಇಲ್ಲ. ಯಾರಿಗೆ ಯಾರ ಜೋಡಿ, ಯಾರಿಗೆ ಎಷ್ಟು ಸಂಬಳ ಎಂದು ನಿರ್ಧರಿಸುವುದೇ ಕೆಲಸ. ಜನ ಅದನ್ನೂ ರಾತ್ರಿಗಟ್ಟಲೆ ಆಡಿದರು.

ಇದೆಲ್ಲ ನಮ್ಮ ಹುಡುಗರ ಕೈಗೆ ಬಂದದ್ದು 2012ರ ನಂತರ. ಡಿಕ್ಕಿಯವರ ‘ರೆಸ್ಲಿಂಗ್ ರೆವಲ್ಯೂಷನ್’ ಆ ವರ್ಷ ಬಂತು, ಎರಡು ವರ್ಷದ ಬಳಿಕ ಅದರ ತ್ರೀಡಿ ಭಾಗ. ನೂರು ಎಂಬಿಯೂ ಇಲ್ಲ, ಇಂಟರ್‌ನೆಟ್ ಬೇಡ, ಅಗ್ಗದ ಫೋನಿನಲ್ಲೂ ಓಡುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬರುವವರೆಗೆ ಡೇಟಾ ದುಬಾರಿ. ಒಬ್ಬ ಇಳಿಸಿಕೊಂಡರೆ ಶೇರ್‌ಇಟ್‌ನಲ್ಲಿ ಇಡೀ ಕ್ಲಾಸಿಗೆ ಹಂಚುತ್ತಿದ್ದ. ಎಲ್ಲಕ್ಕಿಂತ ಮಿಗಿಲಾಗಿ, ಫೋನು ಅವನದೇ. ಅವನ ಸೇವ್ ಮೇಲೆ ಯಾರೂ ಕೈ ಇಡುವುದಿಲ್ಲ. ಪಾರ್ಲರಿನಲ್ಲಿ ಕೈತಪ್ಪಿದ ಬಾಳು ಜೇಬಿನಲ್ಲಿ ಸಿಕ್ಕಿತು. ಲೈಸೆನ್ಸ್ ಇಲ್ಲದ ಕಾರಣ ಆಟದಲ್ಲಿ ಎಲ್ಲರಿಗೂ ಬದಲಿ ಹೆಸರು. ಹುಡುಗರು ಕೂತು ಅವನ್ನೆಲ್ಲ ತಿದ್ದಿ, ನಡುವೆ ತಮ್ಮೂರಿನ ಹೆಸರಿನ ಪೈಲ್ವಾನನೊಬ್ಬನನ್ನು ಸೇರಿಸಿದರು. ಅಭಿಮಾನಿಗಳು ಸ್ವಂತ ಮಾರ್ಪಾಡುಗಳನ್ನು, ಅಂದರೆ ಮಾಡ್‌ಗಳನ್ನು ಕಟ್ಟಿ, ಹೊಸ ಬಟ್ಟೆ, ಹೊಸ ಕಣ ಸೇರಿಸಿ ಹಂಚಿದರು.

ಆದರೆ ಪೈಲ್ವಾನನ ಬಾಳನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡುವ ಕಣ್ಣು ನಮಗೆ ಹೊರಗಿನಿಂದ ಬಂದದ್ದಲ್ಲ, ಇದನ್ನು ಒತ್ತಿ ಹೇಳಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿನೋದಕ್ಕೇ ಒಂದು ಭಾಗವಿದೆ. ವಯಸ್ಸು, ಮೈಕಟ್ಟು, ಬಲ, ದಮ್ಮು ನೋಡಿ ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿದ್ದಾನೆ. ಇಪ್ಪತ್ತರ ಆಸುಪಾಸಿನ, ಮುಂದೆ ಬರುವ ಲಕ್ಷಣದ ಹುಡುಗ ಭವಿಷ್ಣು. ಆಟದಲ್ಲಿ ಮೊದಲ ಕರಾರಿಗೆ ಕಾಯುವವನು ಅವನೇ.

ಮೈಸೂರು ದಸರಾ ಕುಸ್ತಿಗೆ ಮುಂಚೆ ನಡೆಯುವ ಜೋಡಿ ಕಟ್ಟುವ ಕಾರ್ಯಕ್ರಮವನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ದೊಡ್ಡಕೆರೆ ಮೈದಾನದ ಬಳಿ, ಸಾಹುಕಾರ್ ಚನ್ನಯ್ಯ ಅಖಾಡಕ್ಕೆ ಬೇರೆ ಬೇರೆ ಗರಡಿಗಳ ಹುಡುಗರು ಬಂದಿರುತ್ತಾರೆ. ಇಬ್ಬರನ್ನು ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸುತ್ತಾರೆ. ಉಸ್ತಾದರು ಎತ್ತರ ನೋಡುತ್ತಾರೆ, ಕುತ್ತಿಗೆ ನೋಡುತ್ತಾರೆ, ತೊಡೆ ನೋಡುತ್ತಾರೆ. ಹಿಂದೆ ಯಾರ ಮೇಲೆ ಆಡಿದ್ದ, ಚಿತ್ ಆದನೋ, ಚಿತ್ ಮಾಡಿದನೋ ಎಂದು ವಿಚಾರಿಸುತ್ತಾರೆ. ‘ಸಮ ಆಗಲ್ಲ, ಇವ್ನು ಒಂದ್ ಕೈ ಜಾಸ್ತಿ’ ಎಂದು ಒಂದು ಗರಡಿಯವರು ತಕರಾರು ತೆಗೆಯುತ್ತಾರೆ, ಇನ್ನೊಬ್ಬ ಹುಡುಗ ಬರುತ್ತಾನೆ. ಒಪ್ಪಿಗೆಯಾದರೆ ಕೈ ಕೊಡಿಸುತ್ತಾರೆ. ಅಲ್ಲಿಂದ ಕುಸ್ತಿಯ ದಿನದವರೆಗೆ ಎರಡೂ ಗರಡಿಗಳಲ್ಲಿ ಬೇರೆ ಮಾತಿಲ್ಲ. ಅಂಕಿ ಬರೆದಿಡದೆಯೇ ಅಂಕಿ ಹಾಕುವ ವಿದ್ಯೆ ಇದು. ಮೇಲಕ್ಕೆ ಏಣಿಯೂ ಇದೆ: ದಸರಾ ಕುಮಾರ, ದಸರಾ ಕೇಸರಿ. ಹಳೇ ಮೈಸೂರಿನ ಜಾತ್ರೆಯ ಕುಸ್ತಿಗೆ ಜನ ಸೇರುವುದು ಒಂದು ಪಟ್ಟು ನೋಡುವುದಕ್ಕಲ್ಲ, ಹೋದ ವರ್ಷ ಸೋತವನು ಈ ವರ್ಷ ಏನು ಮಾಡುತ್ತಾನೆ ಎಂದು ನೋಡುವುದಕ್ಕೆ.

ಚನ್ನರಾಯಪಟ್ಟಣ ತಾಲ್ಲೂಕಿನವರಿಗಂತೂ ನಾಡಿನ ಅತಿ ದೊಡ್ಡ ಮಲ್ಲಯುದ್ಧದ ಕತೆ ಮನೆಯ ಅಂಗಳದಲ್ಲೇ ಇದೆ. ಭರತ ಮತ್ತು ಬಾಹುಬಲಿಯ ಸೇನೆಗಳು ಎದುರಾದಾಗ, ಸೈನಿಕರು ಸಾಯುವುದು ಬೇಡವೆಂದು ಮಂತ್ರಿಗಳು ಅಣ್ಣತಮ್ಮಂದಿರ ನಡುವೆ ಮೂರು ಪಂದ್ಯ ಗೊತ್ತುಮಾಡಿದರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರನ್ನೂ ಗೆದ್ದ ಬಾಹುಬಲಿ, ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿ, ರಾಜ್ಯ ಬಿಟ್ಟು ತಪಸ್ಸಿಗೆ ನಡೆದ. ಪಂಪ 941ರಲ್ಲಿ ‘ಆದಿಪುರಾಣ’ದಲ್ಲಿ ಇದನ್ನು ಕನ್ನಡಕ್ಕೆ ತಂದ; 981ರಲ್ಲಿ ಚಾವುಂಡರಾಯ ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯ ವಿಗ್ರಹವನ್ನು 58 ಅಡಿ ಎತ್ತರಕ್ಕೆ ನಿಲ್ಲಿಸಿದ. ಗೆದ್ದವನು ಗೆದ್ದ ಮೇಲೆ ಏನಾದ ಎಂಬ ಪ್ರಶ್ನೆಯೇ ಆ ಕತೆಯ ಜೀವ. ಕರಿಯರ್ ಆಟ ಕೇಳುವುದೂ ಅದೇ ಪ್ರಶ್ನೆಯನ್ನು.

ಮುಂದಿನ ಭಾಗಕ್ಕೆ ಕಾಯುವುದರಲ್ಲಿ ಪೆಟ್ಟು ತಿಂದ ಅನುಭವವೂ ಅಭಿಮಾನಿಗಳಿಗಿದೆ. 2019ರ ಅಕ್ಟೋಬರಿನಲ್ಲಿ ದೊಡ್ಡ ಸದ್ದಿನೊಂದಿಗೆ ಬಂದ ‘ಡಬ್ಲ್ಯುಡಬ್ಲ್ಯುಇ 2ಕೆ20’ ದೋಷಗಳ ಮೂಟೆಯಾಗಿತ್ತು. 2020ರ ಜನವರಿ 1 ಹುಟ್ಟುತ್ತಿದ್ದಂತೆ ಆಟ ತೆರೆಯುವುದೇ ನಿಂತಿತು. ಯಂತ್ರದ ತಾರೀಕನ್ನು ಹಿಂದಿನ ವರ್ಷಕ್ಕೆ ತಿರುಗಿಸಿದರೆ ಮಾತ್ರ ನಡೆಯುತ್ತಿತ್ತು. ಮರುವರ್ಷದ ಭಾಗವನ್ನು ಕಂಪನಿ ಕೈಬಿಟ್ಟಿತು, ಮುಂದಿನದು ಬಂದದ್ದು 2022ರ ಮಾರ್ಚಿನಲ್ಲಿ. ಆ ಎರಡು ವರ್ಷ ಚೆನ್ನಾಗಿಯೇ ಬಳಕೆಯಾಯಿತು, ಆಟ ಸುಧಾರಿಸಿತು. ಡಿಕ್ಕಿಯವರ ದಾರಿ ಬೇರೆ; ಹೊಸ ಹೆಸರಿಗೆ ಅವಸರಪಡದೆ ಇರುವ ಆಟಕ್ಕೇ ಅಪ್‌ಡೇಟ್ ಸೇರಿಸುತ್ತ ಬಂದಿದ್ದಾರೆ. ಈ ಅಂತರದಲ್ಲಿ ‘ಎರಡನೇ ಭಾಗ ಬಂತು’ ಎಂದು ಕಳ್ಳ ಆ್ಯಪ್ ಫೈಲುಗಳು (ಎಪಿಕೆ) ಹರಿದಾಡಿದರೆ ಇಳಿಸಿಕೊಳ್ಳದಿರುವುದು ಕ್ಷೇಮ. ಆಟದ ಆಸೆಗೆ ಅಪ್ಪನ ಬ್ಯಾಂಕ್ ಖಾತೆಯಿರುವ ಫೋನನ್ನು ಪಣಕ್ಕಿಡಬಾರದು.

ಹುಡುಗರನ್ನು ಕೇಳಿದರೆ ಬೇಡಿಕೆಗಳು ಸ್ಪಷ್ಟವಾಗಿವೆ. ಗಾಯ ಮೈಯಲ್ಲಿ ಉಳಿಯಬೇಕು, ಮರುವಾರವೇ ಮಾಯವಾಗಬಾರದು. ನಿವೃತ್ತನಾದವನು ಹೊಸಬನನ್ನು ತಯಾರು ಮಾಡುವಂತಿರಬೇಕು. ನನ್ನದೊಂದು ಬೇಡಿಕೆ ಸೇರಿಸುತ್ತೇನೆ: ಮಟ್ಟಿ. ಅರಿಸಿನ, ಕುಂಕುಮ, ಎಣ್ಣೆ, ಕರ್ಪೂರ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿನ ಕಣದಲ್ಲಿ ಕಾಲು ಹೂಳುತ್ತದೆ, ಬಿದ್ದವನು ಪುಟಿಯುವುದಿಲ್ಲ, ಬೆವರಿಗೆ ಮಣ್ಣು ಹತ್ತಿದ ಮೇಲೆ ಹಿಡಿತವೇ ಬದಲಾಗುತ್ತದೆ. ಕ್ಯಾನ್ವಾಸಿನ ರಿಂಗಿಗೆ ಬರೆದ ಲೆಕ್ಕ ಇಲ್ಲಿ ನಡೆಯದು, ಹೊಸದಾಗಿ ಬರೆಯಬೇಕು. ಇಂಗ್ಲೆಂಡಿನಲ್ಲಿ ಕೂತವರು ಇದನ್ನು ಮಾಡಿಕೊಡಲಿ ಎಂದು ಕಾಯಬೇಕಾಗಿಲ್ಲ. ‘ರೆಸ್ಲಿಂಗ್ ಎಂಪೈರ್’ ಯೂನಿಟಿ ಎಂಬ ಗೇಮ್ ಎಂಜಿನ್ನಿನಲ್ಲಿ ಕಟ್ಟಿದ ಆಟ, ಕಂಪ್ಯೂಟರಿನ ಆವೃತ್ತಿಗೆ ಅಭಿಮಾನಿಗಳು ಈಗಾಗಲೇ ಮಾಡ್ ಬರೆಯುತ್ತಿದ್ದಾರೆ. ಹಾಸನದಲ್ಲಿ 1960ರಿಂದ ಎಂಜಿನಿಯರಿಂಗ್ ಕಾಲೇಜು ಇದೆ, ಯೂನಿಟಿ ಕಲಿಯುವ ಹುಡುಗ ಹುಡುಗಿಯರಿದ್ದಾರೆ. ಒಂದು ಗರಡಿಗೆ ಹೋಗಿ, ಉಸ್ತಾದರ ಅನುಮತಿ ಕೇಳಿ, ಒಂದೊಂದು ಪಟ್ಟನ್ನೂ ಎರಡು ಕಡೆಯಿಂದ ವಿಡಿಯೊ ಹಿಡಿದು ತಂದರೆ, ಮೊದಲ ಜೋಡಿಯನ್ನು ಮುಂದಿನ ದಸರಾದೊಳಗೆ ಪರದೆಯ ಮಟ್ಟಿಗೆ ಇಳಿಸಬಹುದು.